ನಾಲ್ಕು ಪದರ ಸೊಳ್ಳೆಪರದೆ

ತುರ್ಕುವಿನಲ್ಲಿ ಜನವರಿ. ಬೆಳಗಿನ ಒಂಬತ್ತಕ್ಕೂ
ಕಿಟಕಿಯಾಚೆ ಇದ್ದಿಲ ಬಣ್ಣ.
ಟೆಲ್ಲೆರ್ವೋಳ ಅಡುಗೆಮನೆಯ ಮೂಲೆಯಲ್ಲಿ ಮಾತ್ರ
ನಲವತ್ತು ಲೀಟರು ಕಡಲು,
ಮೂರು ಬಕೆಟ್ಟಿಗೆ ಮುಗಿದುಹೋಗುವಷ್ಟು.

ಹವಳ ಅಂದರೆ ಕೊರಳ ಕೆಂಪುಮಣಿ ಅಂದುಕೊಂಡವರು
ಇಲ್ಲಿ ಬಂದು ನೋಡಬೇಕು.
ಹಸಿರು, ಕಂದು, ಮಾಸಲು ನೇರಳೆ;
ಬೆರಳು ತಾಗಿದರೆ ಒಳಗೆ ಸರಿದುಕೊಳ್ಳುವ
ಮೈಗಳ್ಳ ಪ್ರಾಣಿ.
ಚರ್ಮದೊಳಗೆ ಪಾಚಿಗೆ ಮನೆ ಬಾಡಿಗೆಗೆ ಕೊಟ್ಟಿದೆ.
ಬಾಡಿಗೆ ಸಲ್ಲುವುದು ಸಕ್ಕರೆಯಲ್ಲಿ,
ಸಕ್ಕರೆ ಹುಟ್ಟುವುದು ಬೆಳಕಿನಲ್ಲಿ.
ಬೆಳಕು ಅತಿಯಾಯಿತೋ, ಅದೇ ಬಾಡಿಗೆದಾರರು ವಿಷ ಕಾರುತ್ತಾರೆ;
ಹವಳ ಅವರನ್ನು ಹೊರದಬ್ಬಿ
ಬಿಳಿಚಿಕೊಂಡು, ಹಸಿದುಕೊಂಡು, ಕೂತಿರುತ್ತದೆ.

ಹಳೆಯ ಟ್ಯೂಬ್‌ಲೈಟು ಕಣ್ಣು ಮುಚ್ಚಿದ ವಾರ
ಬಂದರಿನ ಕಡೆಯವನೊಬ್ಬ ಅರ್ಧ ಬೆಲೆಗೆ ಕೊಟ್ಟದ್ದು ಈ ಎಲ್‌ಇಡಿ.
ಹಾಕಿದರೆ ಚಾವಣಿಯ ಮೇಲೂ ಅಲೆ.
ಬೇಸಿಗೆಮನೆಯ ಸೊಳ್ಳೆಪರದೆ ತಂದು, ಕತ್ತರಿಸಿ,
ನಾಲ್ಕು ಪದರ ಮಾಡಿ ತೊಟ್ಟಿಯ ಮೇಲೆ ಹಾಸಿದಳು.
ಹವಳಗಳನ್ನು ಮರಳಿಗಿಳಿಸಿದಳು.
ಫ್ರಿಜ್ಜಿನ ಬಾಗಿಲಲ್ಲಿ ಒಂದು ಚೀಟಿ, ಪೆನ್ಸಿಲ್ಲಿನಲ್ಲಿ:
ಭಾನುವಾರಕ್ಕೊಂದು ಪದರ. ಆಮೇಲೆ ಒಂದೊಂದೇ ಬೆರಳು ಮೇಲಕ್ಕೆ.

ಮೇಲಿನ ಮನೆಯ ಅಬ್ಶಿರ್, ಒಂಬತ್ತು ವರ್ಷ,
ದಿನಾ ಬಂದು ಗಾಜಿಗೆ ಮೂಗು ಒತ್ತಿ ಕೇಳುತ್ತಾನೆ,
'ಇವತ್ತು ಭಾನುವಾರವಾ?'
ಮಂಗಳವಾರ ಕಣೋ.
'ಮಂಗಳವಾರ ತೆಗೆದರೆ ಏನಾಗುತ್ತೆ?'

ಎರಡು ಪದರ ಉಳಿದಿದ್ದಾಗ ನಾಂತಾಲಿಯಲ್ಲಿ ಅಕ್ಕನ ಮಣ್ಣು.
ಕೀಲಿ ಅಬ್ಶಿರ್‌ನ ಕೈಗೆ:
ನೀರು ಈ ಗೆರೆಗಿಂತ ಇಳಿದರೆ ಒಂದು ಲೋಟ ಸಿಹಿನೀರು ಹುಯ್ಯಿ,
ಉಪ್ಪು ಹಾಕಬೇಡ, ಉಪ್ಪು ಆವಿಯಾಗುವುದಿಲ್ಲ.
ಅಷ್ಟನ್ನೂ ಅವನು ತಪ್ಪಿಲ್ಲದೆ ಮಾಡಿದ.
ಮಾಡಿದ ಮೇಲೆ
ಎರಡೂ ಪದರ ತೆಗೆದು, ಮಡಿಸಿ, ಕುರ್ಚಿಯ ಮೇಲಿಟ್ಟ.

ಮೂರನೆಯ ದಿನ ಕಪ್ಪು ಕೋಟು ಬಿಚ್ಚುವ ಮೊದಲೇ ಅವಳು ಕಂಡಳು.
ಸುತ್ತಿಗೆ ಹವಳಕ್ಕೆ ಮೂರು ತಲೆ.
ಎರಡು ಮುದುಡಿವೆ.
ದೀಪದ ನೇರ ಕೆಳಗಿನದು
ತೊಳೆದಿಟ್ಟ ಹಲ್ಲಿನ ಹಾಗೆ ಬೆಳ್ಳಗೆ.

'ಕತ್ತಲಲ್ಲಿದ್ದವು, ಪಾಪ,' ಅಂದ ಹುಡುಗ
ತನ್ನ ಕಾಲುಚೀಲಕ್ಕೆ.

ಅವಳು ಬೈಯಲಿಲ್ಲ. ಬೈಯುವ ಶಕ್ತಿಯೂ ಅಂದು ಇರಲಿಲ್ಲ.
ಮೂರು ಪದರ ಮತ್ತೆ ಹೊದಿಸಿದಳು,
ಚೀಟಿಯ ತಾರೀಖುಗಳನ್ನು ರಬ್ಬರಿನಲ್ಲಿ ಉಜ್ಜಿದಳು.
ಉಜ್ಜುತ್ತಲೇ ಹೇಳಿದಳು:
ಹತ್ತೊಂಬತ್ತರ ವಯಸ್ಸು, ಹಡಗುಕಟ್ಟೆಯಲ್ಲಿ ಮೊದಲ ವಾರ,
ವೆಲ್ಡಿಂಗಿನ ಬೆಳಕು ಎಷ್ಟು ಚಂದ ಅಂತ
ಮುಖವಾಡ ಎತ್ತಿ ನೋಡಿಬಿಟ್ಟೆ.
ಆಗ ಏನೂ ಆಗಲಿಲ್ಲ, ಅದೇ ಅದರ ಕಪಟ.
ರಾತ್ರಿ ಎರಡಕ್ಕೆ ರೆಪ್ಪೆಯೊಳಗೆ ಒಂದು ಬುಟ್ಟಿ ಮರಳು.
ಅಮ್ಮ ಹಸಿ ಆಲೂಗಡ್ಡೆ ತುರಿದು ಕಣ್ಣಿಗೆ ಕಟ್ಟಿದಳು.
ಎರಡು ದಿನ ಮನೆಯವರ ದನಿಯಷ್ಟೇ ನನಗೆ ಮನೆ.

'ಹವಳಕ್ಕೂ ಆಲೂಗಡ್ಡೆ ಹಾಕೋಣವಾ?'

ಅಕ್ಕ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು.
ನಗು ಎಲ್ಲಿಂದ ಹೊರಟಿತೋ ಅಲ್ಲಿಯೇ
ಸ್ವಲ್ಪ ನೋವೂ ಆಯಿತು.

ಮಾರ್ಚಿಗೆ ಕೊನೆಯ ಪದರ ಬಿತ್ತು.
ಎರಡು ತಲೆ ತುಂಬಿಕೊಂಡವು, ಹಸಿರು ಬಂತು;
ಮೂರನೆಯದು ಹಿಂದಿರುಗಲಿಲ್ಲ.
ಆ ಬಿಳಿ ಎಲುಬನ್ನು ಅವಳು ಕತ್ತರಿಸಿ ತೆಗೆಯಲೂ ಇಲ್ಲ,
ಅದರ ಮೇಲೆ ಬಸವನಹುಳು ಒಂದು ಮೇಯುತ್ತಿದೆ.

ಅಟ್ಟದಿಂದ ಹಳೆಯ ಮುಖವಾಡ ಇಳಿಸಿ
ಹನ್ನೊಂದನೆಯ ನಂಬರಿನ ಗಾಜನ್ನು ಅಬ್ಶಿರ್‌ನ ಕಣ್ಣಿಗೆ ಹಿಡಿದಳು.
ದೀಪ ಈಗ ಒಂದು ಹಸಿರು ನಾಣ್ಯ.
ಉಳಿದದ್ದೆಲ್ಲ ಕಪ್ಪು: ತೊಟ್ಟಿ, ಫ್ರಿಜ್ಜು, ಅವಳು.

'ಇದರಲ್ಲಿ ಏನೂ ಕಾಣಲ್ಲ ಅಜ್ಜೀ,' ಅಂದ.
ಕೊಡೆಂದರೂ ಕೊಡದೆ
ಅದನ್ನೇ ಹಾಕಿಕೊಂಡು ತಡವರಿಸುತ್ತ
ಮೆಟ್ಟಿಲು ಹತ್ತಿ ಮನೆಗೆ ಹೋದ.