ಒಳಗಡೆಯ ಪ್ಯಾಡು

ಕಳೆದ ಭಾನುವಾರ ನಂದಿಯಿಂದ ಇಳಿಯುವಾಗ,
ಇಪ್ಪತ್ತೆಂಟನೇ ತಿರುವೋ ಇಪ್ಪತ್ತೊಂಬತ್ತೋ,
ಹಿಂದಿನ ಸೀಟಿನ ಅಜ್ಜಿ ಮೂಗರಳಿಸಿ ಕೇಳಿತು:
ಏನೋ ಸೀದ ವಾಸನೆ ಅಲ್ಲವೇನಪ್ಪಾ?
ಯಾರೋ ಕಡಲೆಕಾಯಿ ಸುಡ್ತಿದಾರೆ ಅಜ್ಜಿ, ಅಂದೆ.
ಆಗಷ್ಟೇ ಸೂರ್ಯನನ್ನು ನೋಡಿ ಬಂದ ಜನ,
ನಂಬಿದರು.
ಒಂದು ಮಗು ಮಾತ್ರ ನಂಗೂ ಕಡಲೆಕಾಯಿ ಅಂತ ಹಟ ಹಿಡಿಯಿತು.
ಬೆಟ್ಟದ ಬುಡದಲ್ಲಿ ವ್ಯಾನು ನಿಲ್ಲಿಸಿ ಕೊಡಿಸಿದೆ.
ಇಪ್ಪತ್ತು ರೂಪಾಯಿ. ಸುಳ್ಳಿಗೂ ಖರ್ಚಿದೆ.

ಇವತ್ತು ಮಂಗಳವಾರ, ಬಾಡಿಗೆಯಿಲ್ಲ.
ವಾಪಸಂದ್ರದಲ್ಲಿ ನಮ್ಮ ಬೀದಿ ತುಸು ಇಳಿಜಾರು.
(ವಾಪಸು ಬರುವವರ ಊರು ಅಂತ
ಗಿರಾಕಿಗಳಿಗೆ ಹೇಳುವುದುಂಟು ನಾನು.)
ಹ್ಯಾಂಡ್‌ಬ್ರೇಕು ಇಳಿಸದಿದ್ದರೆ ಹಿಂದಿನ ಹಿಡಿತ ಸಡಿಲವಾಗದು,
ಇಳಿಸಿದರೆ ವ್ಯಾನು ಚರಂಡಿಗೆ.
ರುಬ್ಬುಗುಂಡು ತಂದು ಮುಂದಿನ ಚಕ್ರಕ್ಕೆ ಒಡ್ಡಿದೆ.
ನಾಳೆ ದೋಸೇಲಿ ಟೈರು ಸಿಕ್ಕಿದರೆ ನನ್ನ ಕೇಳಬೇಡಿ
ಅಂದಳು ಗಂಗರತ್ನ. ಅಂದವಳೇ
ಇನ್ನೊಂದು ಚಕ್ರಕ್ಕೆ ಒಗೆಯುವ ಕಲ್ಲಿನ ಚೂರು ಹೊತ್ತು ತಂದಳು.

ಗಾಲಿ ಕಳಚಿ ಬಗ್ಗಿದರೆ
ಹೊರಗಿನ ಪ್ಯಾಡು ಇನ್ನೂ ನಿಪ್ಪಟ್ಟಿನಷ್ಟು ದಪ್ಪ.
ಎರಡು ತಿಂಗಳಿಂದ ಗಾಲಿಯ ಸಂದಿಗೆ ಟಾರ್ಚು ಬಿಟ್ಟು
ನೋಡುತ್ತಿದ್ದುದು ಇದನ್ನೇ.
ಇನ್ನೂ ಇದೆ ಬಿಡು, ಅಂದುಕೊಂಡಿದ್ದು ಇದಕ್ಕೇ.
ಒಳಗಡೆಯದು ಕೈಗೆ ಬಂತು:
ಬರೀ ತಗಡು.
ಜಾರಬೇಕಾದ ಪಿನ್ನು ತುಕ್ಕು ತಿಂದು ಕೂತು
ಹೊರಗಿನದು ಸುಮ್ಮನಿತ್ತು.
ಅಷ್ಟೂ ತಿರುವುಗಳನ್ನು
ಇದೊಂದೇ ಹೊತ್ತಿತ್ತು, ಕಾಣದ ಮಗ್ಗುಲಲ್ಲಿ.
ಡಿಸ್ಕಿನ ಮೇಲೆ ಗೀರು, ಉಗುರು ಸಿಕ್ಕುವಷ್ಟು.

ಅಜ್ಜಿಯ ಮೂಗು ನೆನಪಾಯಿತು.

ಬಿಚ್ಚಿದ ಕ್ಯಾಲಿಪರು ಹೋಸಿನ ಮೇಲೆ ನೇತಾಡಬಾರದು.
ಮಗಳ ಹಳೇ ಶೂ ಲೇಸಿನಲ್ಲಿ ಸ್ಪ್ರಿಂಗಿಗೆ ಕಟ್ಟಿದೆ.
ಪಿನ್ನು ಉಜ್ಜಿ ಗ್ರೀಸು ಸವರಿದೆ.
ಇನ್ನು ಪಿಸ್ಟನ್ನು ಹಿಂದಕ್ಕೆ ಹೋಗಿ
ಹೊಸದಕ್ಕೆ ಜಾಗ ಬಿಡಬೇಕು.
ಕ್ಲಾಂಪು ಹಾಕಿ ಒತ್ತಿದೆ. ಮುಂದಿನವು
ಹೋದ ವರ್ಷ ಬೆಣ್ಣೆಯ ಹಾಗೆ ಹೋಗಿದ್ದವು.
ಇದು ಜಗ್ಗಲಿಲ್ಲ.
ಗಂಗರತ್ನ ಕೈ ಸೇರಿಸಿದಳು. ಊಹೂಂ.
ಎದುರು ಮನೆಯ ಬಾಲಾಜಿ ಸಿಂಗರು
ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಸುತ್ತಿಗೆ ಅಂದರು, ನೊರೆಯ ನಡುವೆ.

ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ಕದಿರಪ್ಪ,
ಮೂವತ್ತು ವರ್ಷ ಸೈಕಲ್ಲು ಬಿಚ್ಚಿದವನು,
ನಿಲ್ಲಲೂ ಇಲ್ಲ. ಕಣ್ಣು ಹಾಯಿಸಿ
ತೊಯ್ಯೊದ್ದು, ತಿಪ್ಪು, ಅಂದು ನಡೆದ.
ತಳ್ಳಬೇಡ, ತಿರುಗಿಸು.
ನಮ್ಮ ಕಡೆ ಅರ್ಜಿಗೆ ಕನ್ನಡ, ಕೈಕೆಲಸಕ್ಕೆ ತೆಲುಗು.

ಪಿಸ್ಟನ್ನಿನ ಮುಖ ಒರೆಸಿದೆ. ಎರಡು ಕಚ್ಚು,
ಎದುರುಬದುರು. ಅಷ್ಟು ಹೊತ್ತೂ ಅಲ್ಲೇ ಇದ್ದವು.
ಚೂಪು ಇಕ್ಕಳದ ತುದಿಗಳನ್ನು ಸಿಕ್ಕಿಸಿ
ಬಲಕ್ಕೆ.
ಕೂದಲೆಳೆಯಷ್ಟು. ಮತ್ತೊಂದು ಕೂದಲೆಳೆ.
ಆಮೇಲೆ ಅದು ತನ್ನ ದಾರಿ ನೆನೆಸಿಕೊಂಡ ಹಾಗೆ
ಸುತ್ತಿ ಸುತ್ತಿ ಒಳಗಿಳಿಯಿತು,
ಬೆಟ್ಟದ ರಸ್ತೆಯಂತೆಯೇ, ನೇರ ಇಲ್ಲವೇ ಇಲ್ಲ.
ಎಣ್ಣೆ ಮೇಲಕ್ಕೆ ಬರ್ತಿದೆ ರೀ!
ಬಾನೆಟ್ಟಿನ ಕಡೆಯಿಂದ ಕೂಗಿದವಳೇ
ಸಿರಿಂಜಿನಲ್ಲಿ ಎಳೆದು ಸೀಸೆಗೆ ಬಿಟ್ಟಳು, ಒಂದು ಹನಿ ಚೆಲ್ಲದೆ.

ಇನ್ನೊಂದು ಬದಿಯದು ಬೇಗ ಮುಗಿಯಿತು.
ಅದರ ಬಗ್ಗೆ ಹೇಳುವುದೇನಿಲ್ಲ.

ಸೀಟಿನಲ್ಲಿ ಕೂತು ಪೆಡಲು ಒತ್ತಿದೆ.
ನೆಲಕ್ಕೆ ಹೋಯಿತು.
ಹೋಗುತ್ತದೆಂದು ಗೊತ್ತಿತ್ತು; ಗೊತ್ತಿದ್ದರೂ
ನಿಂತ ವ್ಯಾನಿನಲ್ಲಿ ನನ್ನ ಹೊಟ್ಟೆಯೊಳಗೆ
ಬೆಟ್ಟವೊಂದು ಜಾರಿತು. ಅಜ್ಜಿ, ಮಗು, ಕಡಲೆಕಾಯಿ ಪೊಟ್ಟಣ ಸಮೇತ.
ಎರಡನೇ ಸಲ, ಬರೀ ಗಾಳಿ.
ಮೂರನೆಯದಕ್ಕೆ
ಕೆಳಗಿನಿಂದ ಯಾರೋ ಪಾದಕ್ಕೆ ಪಾದ ಕೊಟ್ಟರು.

ರುಬ್ಬುಗುಂಡು ಒಳಗೆ ಹೋಯಿತು, ಎರಡು ಸಲ ತೊಳೆಸಿಕೊಂಡು.
ಬೀದಿಯ ಕೊನೆಯವರೆಗೆ ಹೋಗಿ, ನಿಂತು, ಬಂದೆ.
ಹೊಸ ಪ್ಯಾಡೂ ಪಳಗುವ ತನಕ
ಸ್ವಲ್ಪ ವಾಸನೆ ಬಿಡುತ್ತದೆ.
ಭಾನುವಾರ ಯಾರಾದರೂ ಕೇಳುತ್ತಾರೆ.
ಬ್ರೇಕಿನದು, ಹೊಸದು ಹಾಕಿದೀನಿ, ಅನ್ನಬೇಕು.
ಕಡಲೆಕಾಯಿ ಅಂದಿದ್ದರೆ ನಂಬುತ್ತಿದ್ದರು.