ನನಗೊಂದು, ನಮ್ಮಪ್ಪಗೊಂದು

ಜಮಖಂಡ್ಯಾಗ, ಹಳೇ ಕಚೇರಿ ಎದುರಿನ ಓಣ್ಯಾಗ
ಹತ್ತು ಫೂಟಿನ ನಮ್ಮ ಅಂಗಡಿ.
ಲಗ್ನಪತ್ರಿಕಿ, ಪಾವತಿ ಬುಕ್ಕು, ತೀರಿಕೊಂಡವರ ಕಾರ್ಡು,
ಎಲ್ಲಾ ಒಂದ ಕಂಪ್ಯೂಟರಿನ್ಯಾಗ.
ಎರಡಕ್ಕ ಅಪ್ಪ ರೊಟ್ಟಿ ಉಣ್ಣಾಕ ಮನಿಗೆ ಹೋದನಂದ್ರ
ನಾಲ್ಕರತನಕ ಖುರ್ಚಿ ನಂದು.

ಆ ಕಾರಿನ ಆಟಕ್ಕ ಮೂರು ಸಾವಿರ.
ನನ್ನ ಖಿಸೇದಾಗ ಹನ್ನೊಂದು ರೂಪಾಯಿ, ಒಂದು ಬಾರಿಹಣ್ಣಿನ ಬೀಜ.
'ಹುಚ್ಚಪ್ಯಾಲಿ, ಪುಕ್ಕಟ ಸಿಗತೈತಿ' ಅಂದ ಮುರಿಗೆಪ್ಪ,
ಜಾಗಾ ತೋರಿಸಿದ.

ಒಂಬತ್ತು ಡೌನ್‌ಲೋಡ್ ಗುಂಡಿ ಅಲ್ಲೆ, ಎಂಟು ಸುಳ್ಳ.
ಒಂದು ಒತ್ತಿದರ ಲಾಟರಿ,
ಇನ್ನೊಂದು ಒತ್ತಿದರ ಬೋಳತಲಿಗೆ ಎಣ್ಣಿ.
ಇಳಿಯಾಕ ಮೂರು ಮಧ್ಯಾಹ್ನ ಹಿಡೀತು,
ನಡುವ ಎರಡು ಸಲ ಕರೆಂಟ ಹೋತು.
ಕಡೀಕ ಒಂದು ಚೀಟಿ:
ಆ್ಯಂಟಿವೈರಸ್ ಬಂದ್ ಮಾಡು,
ಅದು ಸುಮ್ಮಸುಮ್ಮನ ಬೊಗಳತೈತಿ.

ಬಂದ್ ಮಾಡಿದೆ.
ನಾಯಿ ಬಾಯಿ ಕಟ್ಟಿ, ಕದಾ ತಗದು,
ಬರ್ರಿ ಕುಂಡ್ರಿ ಅಂದೆ.

ಸುಳ್ಳ್ಯಾಕ ಹೇಳಲಿ, ಆಟ ಛಲೋ ಇತ್ತು.
ಮಳ್ಯಾಗ ತೊಯ್ದು ಹೊಳಿಯೋ ಡಾಂಬರು,
ತಿರುವಿನ್ಯಾಗ ಗಾಲಿ ಹೊಗಿ.
ಆರು ದಿನ ನಾನು ಜಮಖಂಡ್ಯಾಗ ಇರಲೇ ಇಲ್ಲ.

ಏಳನೇ ದಿನ ಮುಂಜಾನೆ ಅಪ್ಪ ಕರದ:
'ಇದೇನಲೇ, ಎಲ್ಲಾ ಫೈಲಿಗೂ ಬಾಲ ಬಂದೈತಿ?'
ತೇಲಿಯವರ ಮಗಳ ಲಗ್ನಕ್ಕ ಬಾಲ,
ಸಾಲಿ ಗ್ಯಾದರಿಂಗಿನ ಪತ್ರಿಕಿಗೆ ಬಾಲ,
ಗಂಗವ್ವನ ಗಂಡನ ಪುಣ್ಯತಿಥಿಗೂ ಬಾಲ.
ಒಂದೂ ತೆರೀಲಿಲ್ಲ.
ಪರದೆ ಮ್ಯಾಲ ಇಂಗ್ಲಿಷಿನ್ಯಾಗ ನಾಕು ಸಾಲು.
'ಓದು' ಅಂದ.
ಓದಿದೆ. ನನ್ನ ಜನ್ಮದಾಗ ಇಂಗ್ಲಿಷ್ ಅಷ್ಟು ಲಗೂ ತಿಳಿದಿದ್ದಿಲ್ಲ.

'ರೊಕ್ಕಾ ಕೇಳ್ತಾರಪ್ಪಾ. ಮೂರು ದಿನದಾಗ.'
'ಯಾವ ಊರಾವ್ರು?'
'ಊರಿಲ್ಲ.'
'ಹೆಸರು?'
'ಇಲ್ಲ.'
'ಮತ್ತ ಯಾರ ಕೈಯಾಗ ಕೊಡೂದು?'

ರಿಪೇರಿ ಮೌಲಾಲಿ ಬಂದು ನೋಡಿ ಲೊಚ್ ಅಂದ.
ಯಾರು ಏನು ಇಳಿಸಿದ್ರಿ ಅಂತ ಕೇಳಿದ.
ನಾನು ನೆಲಾ ನೋಡಿದೆ.
ಅಪ್ಪನ ಕೈ ಎದ್ದಿತ್ತು, ಬೀಳೂದಷ್ಟ ಬಾಕಿ.
ಆಗ ಮೌಲಾಲಿ, ಏನೂ ಕಪಟ ಇಲ್ಲದ:
'ನಿಮ್ಮ ಡಿಸೈನ್ ಸಾಫ್ಟ್‌ವೇರ್? ಈ ಅಕ್ಷರ?
ಇವಾದರೂ ಒರಿಜಿನಲ್ ಹೌದಲ್ರಿ?'

ಎತ್ತಿದ ಕೈ ಹಂಗ ತಿರುಗಿ ತನ್ನ ತಲೀನ ಕೆರಕೊಂತು.

ಮೀರಜ ಸ್ಟೇಷನ್ ಹೊರಗ ಅರವತ್ತು ರೂಪಾಯಿಗೆ ಒಂದು ಸೀಡಿ,
ಮ್ಯಾಲ ನೀಲಿ ಶಾಯಿ: ಆಲ್ ಇನ್ ಒನ್.
ಹದಿನೇಳು ವರ್ಷ ಊರ ಮದುಮಕ್ಕಳ ಹೆಸರು
ಆ ಅಕ್ಷರದಾಗ ಬರದಿದ್ದ.
ಪುಕ್ಕಟ ಸಿಕ್ಕರ ನನಗೊಂದು, ನಮ್ಮಪ್ಪಗೊಂದು.
ಗಾದಿ ಕಟ್ಟಿದವರು
ನಮ್ಮ ಅಂಗಡಿ ಮುಂದ ಹಾದು ಹೋಗಿದ್ದರೋ ಏನೋ.

ರೊಕ್ಕಾ ಕೊಡಲಿಲ್ಲ.
ಕೊಟ್ಟರೂ ಕೀಲಿ ಕೊಡ್ತಾರಂತ ಭರೋಸ ಇಲ್ಲ
ಅಂದ ಮೌಲಾಲಿ, ಎಲ್ಲಾ ಒರೆಸಿದ.
ಮನಿಮನಿ ತಿರುಗಿ ಹಳೇ ಪತ್ರಿಕಿ ಕೂಡಿಸಿದ್ವಿ:
ಮೊಳಿಗೆ ಚುಚ್ಚಿದ್ದು, ಹಿಟ್ಟಿನ ಡಬ್ಬಿ ತಳಕ್ಕ ಹಾಸಿದ್ದು,
ಮೂಲಿಗೆ ಅರಿಷಿಣ ಒಣಗಿದ್ದು.
ಒಂದೊಂದ ಅಕ್ಷರ ಮತ್ತ ಕುಟ್ಟಿದ್ವಿ.

ಗಂಗವ್ವ ಮಾತ್ರ ದಿನಾ ಮೆಟ್ಟಲ ಮ್ಯಾಲ, ಕೈಯಾಗ ಖಾಲಿ ಚೀಲ.
ಆಕಿ ಗಂಡನ ಇದ್ದದ್ದ ಒಂದ ಫೋಟೋ,
ಸಕ್ಕರಿ ಕಾರ್ಖಾನಿ ಗುಂಪಿನಿಂದ ಅಪ್ಪ ಕತ್ತರಿಸಿ,
ಕಾಲರ್ ನೆಟ್ಟಗ ಮಾಡಿ, ಕಣ್ಣಿಗೆ ಬೆಳಕು ತುಂಬಿದ್ದು,
ಅದೂ ಬಾಲದ ಹಿಂದ ಹೋಗಿತ್ತು.
ಉಳಿದದ್ದು ಪುಣ್ಯತಿಥಿ ಕಾರ್ಡಿನ ಮ್ಯಾಲಿಂದು,
ಪೋಸ್ಟಿನ ಟಿಕೀಟಿನಷ್ಟು.

ಅಪ್ಪ ಅದನ್ನ ಹಿಗ್ಗಿಸಿದ. ಹಿಗ್ಗಿಸಿದಷ್ಟೂ
ಮುಖ ಹೋಗಿ ಕರೇ ಚಿಕ್ಕಿ ಬಂದ್ವು,
ಸಾಸಿವಿ ಚೆಲ್ಲಿದ್ಹಂಗ.
ಕಟ್ಟು ಹಾಕಿಸಿ ಕೊಟ್ಟ. ರೊಕ್ಕಾ ತಗೋಲಿಲ್ಲ.

'ಎತ್ತರಕ್ಕ ಹಾಕವ್ವ' ಅಂದ.
'ಸನೇಕ ಹೋಗಿ ನೋಡಬ್ಯಾಡ.'