ಇತರೆ

ಮಂಗಳವಾರ, ಗುರುವಾರ, ಸಂಜೆ ಏಳಕ್ಕೆ
ಅಗ್ನಿಶಾಮಕ ಠಾಣೆಯ ಮಹಡಿ ಮೇಲೆ ನಮ್ಮ ತರಗತಿ.
ಕೆಳಗೆ ಗಂಟೆ ಬಾರಿಸಿದರೆ
ಕಾಗುಣಿತ ಅಲ್ಲಿಗೇ ನಿಲ್ಲುತ್ತದೆ;
ಎಲ್ಲರೂ ಕಿಟಕಿಗೆ. ಎಲ್ಲಿಯ ಬೆಂಕಿಯೋ, ಯಾರ ಮನೆಯೋ.

ಸೆತೂಬಲ್ ಊರಿಗೆ ಮೂಗೇ ನಕಾಶೆ.
ಮೀನಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ
ಗಾಳಿ ತಿರುಗಿದ ದಿನ
ಗೋಡೆಗಳು ಮೀನು ಬೆವರುತ್ತವೆ.

ಕಚೇರಿಗೆ ನಾನೊಂದು ಫಾರಂ ಕಳಿಸಬೇಕಿತ್ತು.
ಕಲಿಯಲು ಬಂದ ಕಾರಣ, ಯಾವುದಾದರೂ ಒಂದಕ್ಕೆ ಗುರುತು ಹಾಕಿ:
ನೌಕರಿ. ಮಕ್ಕಳ ಓದು. ಆತ್ಮವಿಶ್ವಾಸ ವೃದ್ಧಿ.
ಕೊನೆಗೆ, ಹಿತ್ತಲ ಬಾಗಿಲಿನಂಥ ಸಣ್ಣ ಚೌಕ: ಇತರೆ.
ಹನ್ನೊಂದು ಜನ. ಎರಡು ನೌಕರಿ, ಎಂಟು ಇತರೆ.
ನೌಕರಿಯವರಿಬ್ಬರೂ ನವೆಂಬರಿಗೆ ಮಾಯ;
ನೌಕರಿ ಸಿಕ್ಕಿತ್ತು.
ಇಷ್ಟೊಂದು ಇತರೆ ಹೇಗೆ, ಅಂತ ಈಗ ಫೋನು.
ವಿವರ ಬೇಕಂತೆ.

ವಿವರ.

ಝುಲ್ಮೀರಾ ಮೂವತ್ತೊಂದು ವರ್ಷ ಡಬ್ಬಿಗೆ ಮೀನು ತುಂಬಿದವಳು.
ಮುಳ್ಳಿನ ಲೆಕ್ಕ ಬೆರಳಿಗೆ ಬಾಯಿಪಾಠ.
ಮುಚ್ಚಳದ ಮೇಲೆ ಏನೋ ಬರೆದಿರುತ್ತಿತ್ತಲ್ಲ,
ಅದೇನಂತ ಗೊತ್ತಾಗಬೇಕು, ಅಷ್ಟೇ, ಅಂದಳು.
ಹೊಸ ವರ್ಷ ಕಳೆದು ಒಂದು ಗುರುವಾರ
ಕೈಚೀಲದಿಂದ ತುಕ್ಕು ಹಿಡಿದ ಮುಚ್ಚಳ ತೆಗೆದು
ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಪೋಣಿಸಿ ಓದಿದಳು:
ಮು-ಳ್ಳಿ-ಲ್ಲ-ದ್ದು.
ಸುಮ್ಮನಾದಳು. ಆಮೇಲೆ ಹತ್ತೂ ಬೆರಳು ದೀಪಕ್ಕೆ ಹಿಡಿದು
"ಎಲ್ಲಾ ಇಲ್ಲಿವೆ" ಅಂದು
ನಗತೊಡಗಿದವಳು ನಿಲ್ಲಿಸಲೇ ಇಲ್ಲ.

ಎವರಿಸ್ತು ದೋಣಿಯವನು. ಬಂದದ್ದು ಹೀಟರಿಗೆ,
ಮುಚ್ಚುಮರೆ ಇಲ್ಲ.
ರೊಟ್ಟಿಗೆ ನಮ್ಮಲ್ಲಿ ಪಾಂವ್; ಮೂರೇ ಅಕ್ಷರ,
ನಡುವಿನದಕ್ಕೆ ತಲೆಮೇಲೊಂದು ಅಲೆ.
ಮೂರೂ ಅಕ್ಷರ ಅವನ ಪುಸ್ತಕದಲ್ಲಿ ಇಂದಿಗೂ ಕುಂಟುತ್ತವೆ,
ಅಲೆ ಮಾತ್ರ
ಸಾದು ನದಿಯ ಮೇಲೆ ಏಳುವ ಹಾಗೇ ಏಳುತ್ತದೆ.
ಮೇ ಬಂತು, ಹೀಟರು ಆರಿಸಿದೆವು.
ಅವನು ಬರುತ್ತಲೇ ಇದ್ದಾನೆ.
ಯಾಕಪ್ಪಾ ಅಂದರೆ, "ಹೀಟರು."

ಕೇಪ್ ವರ್ಡಿಯಿಂದ ಬಂದ ಗಾರೆಯವನು ಆರ್ಮಿಂದು;
ಯಾರೋ ಅವನ ಬಾಗಿಲ ಮೇಲೆ ಇದ್ದಿಲಲ್ಲಿ ಗೀಚಿದ್ದರು.
ಓದಲು ಬರುವ ತನಕ ಅಳಿಸಲಾರೆ ಅಂದಿದ್ದ.
ಓದಿದ ಮೇಲೂ ಅಳಿಸಲಿಲ್ಲ:
ಎರಡು ತಪ್ಪು ತಿದ್ದಿ, ಕೆಳಗೆ ಕೆಂಪಲ್ಲಿ ಅಂಕ ಕೊಟ್ಟ,
ಇಪ್ಪತ್ತಕ್ಕೆ ಏಳು.

ದಿಯೊಲಿಂದಾ ಮಾತ್ರ ಗುರುತೇ ಹಾಕಲಿಲ್ಲ.
ಅರವತ್ತೆಂಟು. ಕಡೆಯ ಬೆಂಚು.
ಕೋಟು ಕಳಚದೆ ಕೂರುವವಳು,
ಯಾರಾದರೂ ಎಬ್ಬಿಸಿ ಕಳಿಸಿಯಾರು ಅನ್ನುವ ಹಾಗೆ.
ತಪ್ಪಾದರೆ ಅಳಿಸುತ್ತಿದ್ದಳು, ಹಾಳೆ ಹರಿಯುವಷ್ಟು.
ಮಾರ್ಚಿನಲ್ಲಿ ಬರುವುದು ನಿಂತಿತು.
ನನ್ನದೇ ಏನೋ ಎಡವಟ್ಟು ಅಂದುಕೊಂಡೆ, ನಿದ್ದೆಗೆಟ್ಟೆ.

ಮೊನ್ನೆ ಬಸ್‌ಸ್ಟಾಪಿನಲ್ಲಿ ಸಿಕ್ಕಳು.
ಬಂದ ಬಸ್ಸಿನ ಬೋರ್ಡು ತುಟಿಯಲ್ಲೇ ಓದುತ್ತಿದ್ದಳು,
ಓದಿ, ಹೋಗಲು ಬಿಡುತ್ತಿದ್ದಳು. ಮೂರು ಬಸ್ಸು.
"ಎಲ್ಲಿಗೆ?"
"ಎಲ್ಲಿಗೂ ಇಲ್ಲ."
"ತರಗತಿಗೆ?"
"ಬಂದ ಕೆಲಸ ಆಯಿತಲ್ಲ, ಟೀಚರ್."
"ಯಾವ ಕೆಲಸ?"
ಒಲೆ ಮೇಲಿನ ಪಾತ್ರೆಯ ಮುಚ್ಚಳ ಎತ್ತಲು ಬಂದ
ನೆಂಟರನ್ನು ನೋಡುವ ಹಾಗೆ ನೋಡಿದಳು.
ಈ ವರ್ಷ ಅಂಜೂರ ಬೇಗ ಹಣ್ಣಾಗಿದೆ, ಅಂದಳು.

ರಾತ್ರಿ ಫಾರಂ ಹರವಿಕೊಂಡು ಕೂತೆ.
ವಿವರಕ್ಕೆ ಅವರು ಬಿಟ್ಟಿರುವುದು ಒಂದು ಗೆರೆ.
ಅವಳ ಹೆಸರಿನ ಮುಂದೆ
ಬರೆದೆ, ಅಳಿಸಿದೆ,
ಮತ್ತೆ ಬರೆದೆ, ಅಳಿಸಿದೆ.
ಹಾಳೆ ಹರಿಯಿತು.
ಹಾಗೇ ಮಡಚಿ ಲಕೋಟೆಗೆ ಹಾಕಿದೆ.